ನರ್ಸಮ್ಮನ ಅನುಮಾನ

ಯಾರ ಜೊತೆ ಮಾತಿಗೆ ನಿಂತರೂ ಅವರು ಮೊದಲು ಮಣಿಕಟ್ಟು ಹಿಡಿಯುತ್ತಿದ್ದರು. ಮೂರು ಬೆರಳು ನೇರ ನಾಡಿಯ ಮೇಲೆ ಹೋಗಿ ಕೂರುತ್ತಿದ್ದವು. ಉಗುರನ್ನು ಚರ್ಮದವರೆಗೂ ಕತ್ತರಿಸಿಕೊಂಡ, ಎಷ್ಟೋ ವರ್ಷ ಆಸ್ಪತ್ರೆಯ ಸೋಪಿನಲ್ಲಿ ತೊಳೆದು ತೊಳೆದು ಬಿಳಿಚಿಕೊಂಡ, ಏಪ್ರಿಲ್ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದ ಬೆರಳುಗಳು. ಹಾಗೆ ಹಿಡಿದುಕೊಂಡೇ ಊಟ ಆಯ್ತಾ, ಎಲ್ಲಿಂದ ಬಂದೆ, ಯಾಕೆ ತಡ ಎಂದು ಕೇಳುತ್ತಿದ್ದರು. ನಾವು ಹೇಳುವ ಉತ್ತರವನ್ನು ಅವರ ಕಿವಿ ಅರ್ಧ ಕೇಳಿದರೆ ಬೆರಳು ಇನ್ನರ್ಧ ಕೇಳುತ್ತಿತ್ತು. ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತೋ ಇಲ್ಲವೋ, ಗೊತ್ತಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಹಾಗಾಗಿ ಅವರೆದುರು ಸುಳ್ಳು ಹೇಳುವವರು ಕಡಿಮೆ.

ಶಿಡ್ಲಘಟ್ಟದಲ್ಲಿ ಎಲ್ಲರಿಗೂ ಅವರು ನರ್ಸಮ್ಮ. ನನ್ನ ತಂದೆಯ ಅಕ್ಕ. ಎದುರಿಗೆ ನಾನು ಅತ್ತೆ ಎನ್ನುತ್ತಿದ್ದೆ, ಹಿಂದೆ ನಾನೂ ನರ್ಸಮ್ಮ ಎಂದೇ ಹೇಳುತ್ತಿದ್ದೆ. ಚಿಂತಾಮಣಿ, ಗೌರಿಬಿದನೂರು ಎಂದು ಸರ್ಕಾರಿ ಆಸ್ಪತ್ರೆಗಳನ್ನು ಸುತ್ತಿ, ಕೊನೆಗೆ ನಮ್ಮ ಊರಿಗೇ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದರು. ಮದುವೆಯಾಗಲಿಲ್ಲ. ನಮ್ಮ ಮನೆಯ ಹಿಂದುಗಡೆ ಎರಡು ಕೋಣೆಯ ಮನೆ. ಪಕ್ಕದಲ್ಲೇ ನೂಲು ತೆಗೆಯುವ ಘಟಕ ಇದ್ದುದರಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಬೆಳಿಗ್ಗೆಯಿಂದ ಅವರ ಕಿಟಕಿಯೊಳಗೆ ಬರುತ್ತಿತ್ತು. ಘಟಕದ ಹೆಂಗಸರ ಜೊತೆ ಉರ್ದು, ಸೊಪ್ಪು ಹೊತ್ತು ಬರುವವರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಮೂರು ಭಾಷೆಯಲ್ಲೂ ಅವರು ಮೊದಲು ಕೇಳುತ್ತಿದ್ದುದು ಒಂದೇ: ನಿಜವಾಗ್ಲೂ?

ಅವರಷ್ಟು ಅನುಮಾನದ ಮನುಷ್ಯರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಹಾಲನ್ನು ಮೂಸದೆ ಒಲೆಗೆ ಇಡುತ್ತಿರಲಿಲ್ಲ. ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ಬ್ಯಾಂಕಿನಿಂದ ಮಾತಾಡ್ತಿದೀವಿ ಎಂದು ಮೋಸಗಾರನೊಬ್ಬ ಫೋನು ಮಾಡಿದಾಗ, ಅವನ ಊರು, ತಾಯಿಯ ಆರೋಗ್ಯ, ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟ ಎಂಬುದನ್ನೆಲ್ಲ ವಿಚಾರಿಸಿ ಅವನೇ ಫೋನಿಡುವ ಹಾಗೆ ಮಾಡಿದ್ದರು. ನಮ್ಮ ಚರ್ಚಿನ ಸಭೆಗೆ ಉಪದೇಶ ಮಾಡಲು ಹೊಸ ಪ್ರಸಂಗಿಗಳು ಬಂದರೆ ಮೊದಲ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಮೊಬೈಲಿನಲ್ಲಿ ಸೂಟು ಹಾಕಿಕೊಂಡು ಆಶೀರ್ವಾದ ಹಂಚುವ ಪ್ರಸಂಗಿಯೊಬ್ಬನನ್ನು ನಾನು ತೋರಿಸಿದಾಗ, ಸ್ವಲ್ಪ ಹೊತ್ತು ನೋಡಿ, “ಹಲ್ಲೆಲ್ಲ ಕಾಣೋ ಹಾಗೆ ನಗ್ತಾನೆ. ಶಿಲುಬೆ ವಿಷಯ ಹೇಳ್ತಾ ಯಾರಾದ್ರೂ ಹಂಗೆ ನಗ್ತಾರೇನೇ?” ಎಂದು ಫೋನನ್ನು ವಾಪಸು ಕೊಟ್ಟರು.

ಇಷ್ಟು ಅನುಮಾನ ಇಟ್ಟುಕೊಂಡು ದೇವರನ್ನು ಹೇಗೆ ನಂಬ್ತೀರಿ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. “ಒಬ್ಬನ್ನ ನಂಬಿದೀನಲ್ಲ, ಅದಕ್ಕೇ ಮಿಕ್ಕಿದ್ದರ ಮೇಲೆಲ್ಲ ಅನುಮಾನ” ಎಂದರು. ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

ನಾನು ಚಿಕ್ಕಬಳ್ಳಾಪುರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನನ್ನ ಗಂಡನಿಗೆ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ, ವಾರವೆಲ್ಲ ಗೌರಿಬಿದನೂರಿನ ರೂಮಿನಲ್ಲೇ ಇರುತ್ತಾರೆ. ಮನೆಯಲ್ಲಿ ನಾನು ಮತ್ತು ಕಾಲೇಜಿಗೆ ಹೋಗುವ ಮಗಳು. ಶಾಲೆಯಲ್ಲಿ ನಾನೊಬ್ಬಳೇ ಕ್ರೈಸ್ತಳು ಎನ್ನುವುದು ಡಿಸೆಂಬರ್ ಬಂದರೆ ಎಲ್ಲರಿಗೂ ನೆನಪಾಗುತ್ತದೆ. ಮೊದಲೆಲ್ಲ ಶಾಲೆಯ ಕ್ರಿಸ್‌ಮಸ್ ಕಾರ್ಯಕ್ರಮ ಸಣ್ಣದಾಗಿತ್ತು. ಈಗ ಕೆಲವು ವರ್ಷಗಳಿಂದ ಶಾಲೆಯ ಗೇಟಿಗೆ ನಕ್ಷತ್ರ, ಕಾರಿಡಾರಿನಲ್ಲಿ ಹತ್ತಿಯ ಹಿಮ, ಪುಟ್ಟ ಮಕ್ಕಳಿಗೆಲ್ಲ ಕೆಂಪು ಟೋಪಿ. ಫೋಟೋ ಚೆನ್ನಾಗಿ ಬರುತ್ತದೆ, ತಂದೆತಾಯಿಯರಿಗೆ ಇಷ್ಟವಾಗುತ್ತದೆ. ಒಂದು ವರ್ಷ ಯಾರಾದರೂ ಹಿರಿಯರನ್ನು ನಿಮ್ಮ ಕಡೆಯಿಂದ ಕರೆಯಿರಿ ಎಂದು ಪ್ರಿನ್ಸಿಪಾಲರು ಹೇಳಿದರು. ನಾನು ನರ್ಸಮ್ಮನನ್ನು ಕರೆದುಕೊಂಡು ಹೋದೆ.

ಅವರು ಬಿಳಿ ಸೀರೆ ಉಟ್ಟು ವೇದಿಕೆಯ ಮೇಲೆ ನೆಟ್ಟಗೆ ಕೂತಿದ್ದರು. ಕುಣಿತವಾಯಿತು. ಸ್ಪೀಕರಿನಲ್ಲಿ ಗಂಟೆಯ ಸದ್ದಿನ ಹಾಡಾಯಿತು. ಗಡ್ಡ ಕಟ್ಟಿಕೊಂಡ ಪಿ.ಟಿ. ಮೇಷ್ಟ್ರು ಚಾಕೊಲೇಟು ಎಸೆದರು. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ಅವರು ಮುಂದೆ ಕೂತಿದ್ದ ಮಕ್ಕಳನ್ನು, ಇವತ್ತು ಯಾರ ಹುಟ್ಟಿದಹಬ್ಬ ಮಕ್ಕಳೇ ಎಂದು ಕೇಳಿದರು. ಮಕ್ಕಳು ಒಂದೇ ದನಿಯಲ್ಲಿ ಕ್ರಿಸ್‌ಮಸ್ ತಾತಂದು ಎಂದು ಕೂಗಿದವು. ಎಲ್ಲರೂ ನಕ್ಕರು. ನಾನೂ ನಕ್ಕೆ. ನರ್ಸಮ್ಮ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಇಲ್ಲ ಮಕ್ಕಳೇ, ಒಂದು ಬಡ ಹುಡುಗಿಯ ಮಗು, ಹೆರಿಗೆಗೆ ಅವಳಿಗೆ ಯಾರೂ ಜಾಗ ಕೊಡಲಿಲ್ಲ ಎಂದು ಶುರು ಮಾಡಿದರು. ಅಷ್ಟರಲ್ಲಿ ಮುಂದಿನ ಐಟಂಗೆ ಮ್ಯೂಸಿಕ್ ಹಾಕಿಬಿಟ್ಟರು. ಅವರು ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೂತರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೇ ಸಮಾಧಾನವಿರಲಿಲ್ಲ. ಏನೂ ಕೆಟ್ಟದ್ದು ಮಾಡಲಿಲ್ಲವಲ್ಲ ಅತ್ತೆ, ಪ್ರೀತಿಯಿಂದಲೇ ಮಾಡ್ತಾರೆ ಎಂದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. “ನಮ್ಮನ್ನ ಬೈಯೋರ ಬಗ್ಗೆ ನನಗೆ ಭಯ ಇಲ್ಲ ಕಣಮ್ಮ. ನಾವು ಏನೋ ನಂಬಿದೀವಿ ಅನ್ನೋದಾದ್ರೂ ಅವರಿಗೆ ಗೊತ್ತು. ನಗ್ತಾ ನಗ್ತಾ ಕೇಕು ತಿಂದು ಹೋಗೋರನ್ನ ಕಂಡ್ರೆ ಭಯ. ಅವರ ಜೊತೆ ನಾವೂ ತಿಂದ್ಕೊಂಡು ಮರ್ತುಬಿಡ್ತೀವಿ.” ಆ ಮಾತು ನನಗೆ ಅತಿಯಾಯಿತು ಅನ್ನಿಸಿತು. ಮುದುಕರ ಮಾತು ಎಂದುಕೊಂಡೆ. ಆದರೆ ಆಮೇಲಿಂದ ನಾನೂ ಗಮನಿಸತೊಡಗಿದೆ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಒಂದು ಕ್ಷಣ ಕಣ್ಣು ಮುಚ್ಚುವ ನನ್ನ ಅಭ್ಯಾಸ ಯಾವಾಗ ಬಿಟ್ಟುಹೋಯಿತೋ ನನಗೇ ಗೊತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಯಾರೋ ಒಬ್ಬರು ತಲೆನೋವಾ ಎಂದು ಕೇಳಿದ್ದರು, ಅಷ್ಟೇ.

ಮಗಳ ವಿಷಯದಲ್ಲಿ ಇದು ಇನ್ನೂ ಬೇಗ ನಡೆಯಿತು. ಕಾಲೇಜಿಗೆ ಸೇರಿದ ಮೇಲೆ ಭಾನುವಾರ ಬೆಳಿಗ್ಗೆ ಅವಳಿಗೆ ಏನಾದರೊಂದು ಕೆಲಸ ಬರತೊಡಗಿತು. ಪ್ರಾಜೆಕ್ಟು, ಸೆಮಿನಾರು, ತಲೆಸ್ನಾನ. ನಾನು ಕೇಳಿದರೆ, “ಅಮ್ಮ, ಅದೆಲ್ಲ ಪರ್ಸನಲ್. ಈಗ ಯಾರೂ ಹಂಗೆಲ್ಲ ತೋರಿಸ್ಕೊಳಲ್ಲ” ಎನ್ನುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ನರ್ಸಮ್ಮ ಮಾತ್ರ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮನೆಯ ಬಾಗಿಲಿಗೆ ಬಂದು, ಯಾಕೆ ಬರಲಿಲ್ಲ ಎಂದು ಕೇಳದೆ, ಅವಳ ಮುಖವನ್ನಷ್ಟೇ ನೋಡಿ ಹೋಗುತ್ತಿದ್ದರು. ಅಜ್ಜಿ ಸಿಐಡಿ ಎಂದು ಮಗಳು ಅವರಿಗೆ ಹೆಸರಿಟ್ಟಿದ್ದಳು.

ನಮ್ಮ ಸಭೆ ಚಿಕ್ಕದು. ಊರಾಚೆ ಹಿಪ್ಪುನೇರಳೆ ತೋಟಗಳ ಪಕ್ಕ ನಾವು ದೇವಾಲಯ ಎನ್ನುವ ಹಳೆಯ ಕಲ್ಲಿನ ಚರ್ಚು, ಮೇಲೆ ಹೆಂಚು. ಪೂರ್ವದ ಗೋಡೆಯಲ್ಲಿ ಎತ್ತರಕ್ಕೆ ಬಣ್ಣದ ಗಾಜಿನ ಕಿಟಕಿ ಇದೆ. ಬೆಳಗಿನ ಬಿಸಿಲು ಅದರಿಂದ ಇಳಿದು ಬೆಂಚುಗಳ ಮೇಲೆ ನೀಲಿ, ಕೆಂಪಾಗಿ ಬೀಳುತ್ತದೆ. ನಾವು ಹುಟ್ಟಿದಂದಿನಿಂದ ನೋಡಿದ್ದು, ನಮಗೆ ವಿಶೇಷ ಅನ್ನಿಸಿರಲಿಲ್ಲ. ಆದರೆ ಮದುವೆಗೆ ಮುಂಚೆ ಜೋಡಿಗಳನ್ನು ಕರೆದುಕೊಂಡು ಹೋಗಿ ಫೋಟೋ, ವಿಡಿಯೋ ತೆಗೆಯುವ ಪದ್ಧತಿ ಈಗ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಬಂದಿದೆಯಲ್ಲ. ಬೆಟ್ಟ ಆಯಿತು, ಕೋಟೆ ಆಯಿತು, ದ್ರಾಕ್ಷಿ ತೋಟ ಆಯಿತು, ಯಾರೋ ಸ್ಟುಡಿಯೋದವನ ಕಣ್ಣು ನಮ್ಮ ಕಿಟಕಿಯ ಮೇಲೆ ಬಿತ್ತು. ಸಭೆಯ ಕಮಿಟಿಗೆ ಬಂದು ಕೇಳಿದ. ಯುವಜನರ ಸಂಘದ ಮುಖಂಡನಿಗೆ ಉತ್ಸಾಹ. ನಮ್ಮ ಚರ್ಚು ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಹುಡುಗರು ಬರುತ್ತಾರೆ ಎಂದು ವಾದಿಸಿದ. ನರ್ಸಮ್ಮ ಹಿಂದಿನ ಬೆಂಚಿನಿಂದಲೇ, ಬರೋರು ಏನನ್ನ ನೋಡೋಕೆ ಬರ್ತಾರೆ ಅನ್ನೋದು ಮೊದಲು ಹೇಳಪ್ಪ ಎಂದರು. ಅವನು ಹೇಳಲಿಲ್ಲ. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಜಗಳವಾಗುವುದು ಬೇಡವೆಂದು ಸ್ಟುಡಿಯೋದವನಿಗೆ ಆಗುವುದಿಲ್ಲ ಎಂದು ತಿಳಿಸಿದರು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಶನಿವಾರ ಸಂಜೆ ನಾನು ಮತ್ತು ನರ್ಸಮ್ಮ ಎಂದಿನಂತೆ ದೇವಾಲಯ ಗುಡಿಸುವುದಕ್ಕೆ ಹೋದೆವು. ಬಾಗಿಲು ತೆಗೆದ ಕೂಡಲೇ ಅವರು ನಿಂತರು. ಒಳಗೆ ಸಿಹಿಯಾದ ಹೊಗೆಯ ವಾಸನೆ ಇತ್ತು. ಬೆಂಚುಗಳನ್ನು ಸರಿಸಿ ಮತ್ತೆ ಇಟ್ಟಿದ್ದರು, ಆದರೆ ಎರಡು ಬೆಂಚು ಅದಲುಬದಲಾಗಿದ್ದವು. ನೆಲದ ಸಂದಿನಲ್ಲೆಲ್ಲ ಮಿನುಗುವ ಚೂರು. ಪ್ರಸಂಗಪೀಠದ ಮೇಲೆ ತುಟಿಯ ಬಣ್ಣ ಒರೆಸಿದ ಕಾಗದ.

ದೇವಾಲಯದ ಬೀಗದ ಕೈ ಇದ್ದದ್ದು ಎರಡು. ಒಂದು ನರ್ಸಮ್ಮನ ಹತ್ತಿರ, ಇನ್ನೊಂದು ನಮ್ಮ ಮನೆಯಲ್ಲಿ. ಅವರು ಏನೂ ಹೇಳದೆ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದರು. ಕಿಟಕಿಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ “ನೀನಲ್ಲ” ಎಂದು ಕೈ ಬಿಟ್ಟರು. ನನಗೆ ಅಳು ಬಂತು. ನಾನಲ್ಲ ಎಂದು ತೀರ್ಮಾನ ಮಾಡುವ ಮುಂಚೆ ನಾನಿರಬಹುದು ಎಂದುಕೊಂಡಿದ್ದರಲ್ಲ, ಅದು ಚುಚ್ಚಿತು. ಅಷ್ಟು ವರ್ಷ ಅವರ ಜೊತೆ ಅದೇ ನೆಲ ಗುಡಿಸಿದ್ದೆ. ಅವರು ಅಷ್ಟರಲ್ಲಿ ಮೊಣಕಾಲೂರಿ ಒದ್ದೆ ಬಟ್ಟೆಯಲ್ಲಿ ಆ ಮಿನುಗು ಚೂರುಗಳನ್ನು ಒತ್ತಿ ಒತ್ತಿ ತೆಗೆಯುತ್ತಿದ್ದರು. ಎದ್ದೇಳಿ, ನಾನು ಮಾಡ್ತೀನಿ ಎಂದರೂ ಏಳಲಿಲ್ಲ.

ಮನೆಗೆ ಬಂದು ಮಗಳನ್ನು ಕೂರಿಸಿಕೊಂಡರು. ಅವಳು ಕೈ ಹಿಂದೆ ಇಟ್ಟುಕೊಂಡಳು. ಆಮೇಲೆ ತಾನೇ ಮುಂದೆ ಚಾಚಿ, ಮಾಡಿದ್ದು ನಾನೇ ಅಜ್ಜಿ, ಹಿಡಿಯೋದು ಬೇಡ ಎಂದಳು. ವಿಷಯ ಇಷ್ಟು. ಅವಳ ಕಾಲೇಜಿನ ಗೆಳತಿ, ಮೇಲೂರಿನ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿದೆ. ಸ್ಟುಡಿಯೋದವನು ಆ ಕಿಟಕಿ ಬೇಕು ಎಂದು ಹೇಳಿದ್ದಕ್ಕೆ ಅವಳು ತುಂಬ ಆಸೆಪಟ್ಟಳು. ಕೀ ಕೊಡಿಸೋಕೆ ನನಗೆ ಗೊತ್ತಿರೋರು ಒಬ್ಬರಿದ್ದಾರೆ ಎಂದು ಇವಳು ಹೇಳಿದಳು. ನಾನು ಶಾಲೆಗೆ ಹೋಗಿದ್ದ ದಿನ, ನರ್ಸಮ್ಮ ಪಿಂಚಣಿಯ ಕೆಲಸಕ್ಕೆಂದು ಹೊರಗೆ ಹೋಗಿದ್ದಾಗ, ಅರ್ಧ ದಿನ ಶೂಟಿಂಗ್ ಮಾಡಿದರು. ಬಿಳಿ ಗೌನು, ಸೂಟು, ಹೊಗೆಯ ಯಂತ್ರ. ಸ್ಟುಡಿಯೋದ ಹುಡುಗನೊಬ್ಬ ಕರಿಕೋಟು ಹಾಕಿ ಪಾದ್ರಿಯ ಹಾಗೆ ನಿಂತನಂತೆ.

ನಾನು ಬೈಯತೊಡಗಿದೆ. ನರ್ಸಮ್ಮ ನನ್ನನ್ನು ತಡೆದರು.

“ಆ ಹುಡುಗಿ ಒಳಗೆ ಬಂದಾಗ ಏನಂದ್ಳು?”

“ಲೈಟಿಂಗ್ ಸೂಪರ್ ಆಗಿದೆ ಅಂದ್ಳು.”

“ಇನ್ನೇನೂ ಕೇಳಲಿಲ್ವಾ? ಇದು ಏನು, ಇಲ್ಲಿ ಏನು ಮಾಡ್ತೀರ, ಹಂಗೇನಾದ್ರೂ?”

ಮಗಳು ತಲೆ ತಗ್ಗಿಸಿದಳು. “ಇದು ನಮ್ಮ ಚರ್ಚು ಅಂತ ಅವಳಿಗೆ ಗೊತ್ತಿಲ್ಲ ಅಜ್ಜಿ. ನಾನು ಕ್ರಿಶ್ಚಿಯನ್ ಅಂತ ಕಾಲೇಜಲ್ಲಿ ಯಾರಿಗೂ ಗೊತ್ತಿಲ್ಲ.”

ಅವಳು ಬೊಟ್ಟಿಟ್ಟುಕೊಂಡು ಹೋಗುವುದು ನನಗೆ ಗೊತ್ತಿತ್ತು, ಹುಡುಗಿಯರ ಶೋಕಿ ಎಂದುಕೊಂಡಿದ್ದೆ. ಯಾಕಮ್ಮ, ಯಾರಾದರೂ ಏನಾದರೂ ಅಂದರಾ ಎಂದು ಕೇಳಿದೆ. ಇಲ್ಲ, ಯಾರೂ ಏನೂ ಅಂದಿಲ್ಲ ಎಂದಳು. ಗೊತ್ತಾದರೆ ಒಂದು ಥರ ನೋಡುತ್ತಾರೆ, ಕನ್ವರ್ಟ್ ಮಾಡ್ತೀಯಾ ಎಂದು ತಮಾಷೆ ಮಾಡುತ್ತಾರೆ, ಇಲ್ಲದಿದ್ದರೆ ಇನ್ನೂ ಇದನ್ನೆಲ್ಲ ನಂಬ್ತೀಯಾ ಎಂದು ನಗುತ್ತಾರೆ, ಎರಡೂ ಬೇಡ ಅನ್ನಿಸಿತು ಎಂದಳು. ನರ್ಸಮ್ಮ, ನಾಳೆ ಭಾನುವಾರ ಬಂದು ನನ್ನ ಪಕ್ಕ ಕೂತ್ಕೋ, ಬೇರೇನೂ ಬೇಡ ಎಂದು ಹೇಳಿ ಎದ್ದು ಹೋದರು.

ಮರುದಿನ ಅವಳು ಬಂದಳು. ಕೀರ್ತನೆ ಹಾಡುವಾಗ ಬಾಯಿ ಆಡಿಸಿದಳು, ದನಿ ಹೊರಡಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ ಎರಡು ಕಾರು ಬಂದು ನಿಂತವು. ಬಿಳಿ ಪಂಚೆಯ ಹಿರಿಯರೊಬ್ಬರು, ಅವರ ಹಿಂದೆ ಏಳೆಂಟು ಗಂಡಸರು. ಒಬ್ಬ ಯುವಕ ಇಳಿಯುವಾಗಲೇ ಮೊಬೈಲು ಮೇಲೆತ್ತಿ ವಿಡಿಯೋ ಶುರು ಮಾಡಿದ್ದ. ನಮ್ಮವರು ಒಬ್ಬೊಬ್ಬರೇ ಗೋಡೆಯ ಕಡೆ ಸರಿದರು. ಯುವಜನರ ಸಂಘದ ಮುಖಂಡ ಎಲ್ಲಿ ಹೋದನೋ ಕಾಣಲಿಲ್ಲ. ಅಯ್ಯನವರು ಕೈಮುಗಿದುಕೊಂಡು ಮುಂದೆ ಹೋದರು.

ಆ ಹಿರಿಯರು ಮೇಲೂರಿನ ಹುಡುಗಿಯ ದೊಡ್ಡಪ್ಪ. ಬಿಳಿ ಗೌನು ಹಾಕಿಕೊಂಡು ಶಿಲುಬೆಯ ಕೆಳಗೆ ಪಾದ್ರಿಯೆದುರು ನಿಂತ ಹುಡುಗಿಯ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಯಾರೋ ಅದರ ಕೆಳಗೆ ಮತಾಂತರ ಮಾಡಿ ಗುಟ್ಟಾಗಿ ಮದುವೆ ಎಂದು ಬರೆದು ಕಳಿಸಿದ್ದರು. ಅದು ಗಂಡಿನ ಕಡೆಯ ಹಿರಿಯರ ಕೈಗೂ ಹೋಗಿ, ಬೆಳಿಗ್ಗೆ ಬೀಗರಿಂದ ಫೋನು ಬಂದಿತ್ತಂತೆ. ಛತ್ರ ಗೊತ್ತಾಗಿದೆ, ಪತ್ರಿಕೆ ಹಂಚಿದ್ದಾರೆ. ಮನೆಯಲ್ಲಿ ಕೇಳಿದರೆ ಹುಡುಗಿ ಹೆದರಿಕೊಂಡು ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ಮದುವೆ ನಿಂತರೆ ನಿಮ್ಮನ್ನು ಬಿಡುವುದಿಲ್ಲ ಎಂದು ಅವರು ಹೇಳಿದಾಗ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಜೊತೆಗೆ ಬಂದವರಲ್ಲಿ ಮಾತ್ರ ಸಿಟ್ಟಿತ್ತು. ಯಾರಮ್ಮ ಇಲ್ಲಿ ದೊಡ್ಡೋರು ಎಂದು ಒಬ್ಬ ಕೂಗಿದ.

ನರ್ಸಮ್ಮ ಮೆಟ್ಟಿಲ ಮೇಲೆ ಕೂತಿದ್ದವರು ಏಳಲಿಲ್ಲ. “ವಯಸ್ಸಲ್ಲಿ ನಾನೇ ದೊಡ್ಡೋಳು” ಎಂದರು. ವಿಡಿಯೋ ಮಾಡುತ್ತಿದ್ದ ಯುವಕನನ್ನು ಹತ್ತಿರ ಕರೆದು, ನನ್ನ ದನಿ ಸಣ್ಣದಪ್ಪ, ಅಲ್ಲಿಂದ ಕೇಳಿಸಲ್ಲ ಎಂದರು. ಅವನು ಗೊಂದಲಪಟ್ಟು ಎರಡು ಹೆಜ್ಜೆ ಮುಂದೆ ಬಂದ. ಆಮೇಲೆ ನನ್ನ ಮಗಳ ಕಡೆ ತಿರುಗಿದರು. “ಕರ್ಕೊಂಡು ಬಂದೋಳು ನೀನು. ಹೇಳ್ಬೇಕಾದವಳೂ ನೀನೇ.”

ಅವಳು ಮುಂದೆ ಹೋದಳು. ಅದು ಫೋಟೋಶೂಟ್ ಅಷ್ಟೇ ಅಂಕಲ್, ಮದುವೆ ಅಲ್ಲ, ಆ ಪಾದ್ರಿ ಸ್ಟುಡಿಯೋದ ಹುಡುಗ ಎಂದು ಹೇಳಿದಳು. ನೀನ್ಯಾರು ಎಂದರು. ಅವಳ ಫ್ರೆಂಡ್ ಎಂದಳು. ಹಿರಿಯರು ಅವಳ ಹಣೆಯ ಬೊಟ್ಟು ನೋಡಿದರು, ದೇವಾಲಯದ ಬಾಗಿಲು ನೋಡಿದರು.

“ನೀನು ಕ್ರಿಶ್ಚಿಯನ್ನಾ?”

ಮೊಬೈಲು ಅವಳ ಮುಖದ ಹತ್ತಿರ ಬಂತು. ಈ ವಿಡಿಯೋ ಸಂಜೆಯೊಳಗೆ ಕಾಲೇಜಿಗೆ ಹೋಗುತ್ತದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏನಾದರೊಂದು ಹೇಳಿ ಈಚೆ ಬಂದುಬಿಡಲಿ ಎಂದು ನನ್ನ ತಾಯಿಕರುಳು ಬಯಸಿತು. ನಾನು ನರ್ಸಮ್ಮನ ಕಡೆ ನೋಡಿದೆ, ಅವರು ಅವಳಿಗೆ ಏನಾದರೂ ಸನ್ನೆ ಮಾಡುತ್ತಾರೇನೋ ಎಂದು. ಅವರು ತೋಟದ ಕಡೆ ಮುಖ ತಿರುಗಿಸಿಬಿಟ್ಟಿದ್ದರು. ನೀನು ಏನು ಹೇಳುತ್ತೀಯೋ ಅದು ನಿನ್ನದಾಗಿರಲಿ ಎನ್ನುವ ಹಾಗೆ.

“ಹೌದು” ಎಂದಳು ಮಗಳು. “ನಾನು ಕ್ರಿಶ್ಚಿಯನ್. ಅವಳಿಗೆ ಅದೂ ಗೊತ್ತಿಲ್ಲ. ನಾನು ಹೇಳಿರಲಿಲ್ಲ. ಬೀಗ ತೆಗೆದವಳು ನಾನು. ಇವರು ಯಾರಿಗೂ ವಿಷಯಾನೇ ಗೊತ್ತಿರಲಿಲ್ಲ.”

ಆಮೇಲೆ ಅಲ್ಲೇ ಗೆಳತಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಹಿಡಿದಳು. ಆ ಹುಡುಗಿ ಅಳುತ್ತಾ, ದೊಡ್ಡಪ್ಪ, ಕೋಟೆ ಹತ್ರನೂ ತೆಗೆದಿದೀವಿ, ದ್ರಾಕ್ಷಿ ತೋಟದಲ್ಲೂ ತೆಗೆದಿದೀವಿ, ಇದೂ ಹಂಗೇ, ನೀವು ಬೇಕಾದ್ರೆ ಸ್ಟುಡಿಯೋದವರನ್ನ ಕೇಳಿ ಎಂದಳು. ಹಿರಿಯರು ಫೋನಿನಲ್ಲಿ ಸ್ಟುಡಿಯೋದವನನ್ನೂ ವಿಚಾರಿಸಿದರು. ಅವನು ಎಲ್ಲವನ್ನೂ ಒಪ್ಪಿಕೊಂಡ. ಜೊತೆಗಿದ್ದವರ ಬಿಸಿ ಇಳಿಯಿತು, ಆದರೂ ಅವರಲ್ಲೊಬ್ಬ, ಇವತ್ತು ಫೋಟೋ, ನಾಳೆ ಇನ್ನೊಂದು, ಇವರ ಕೆಲಸ ಶುರುವಾಗೋದೇ ಹೀಗೆ ಎಂದ.

ಆಗ ನರ್ಸಮ್ಮ ಕೋಲು ಊರಿ ಎದ್ದು ನಿಂತರು.

“ನೀವು ಅನುಮಾನ ಪಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ನನಗೂ ಎಲ್ಲದರ ಮೇಲೂ ಅನುಮಾನವೇ. ನಮ್ಮ ದೇವರು ನಿಮ್ಮ ಹುಡುಗೀನ ಹಿಡ್ಕೊಂಡುಬಿಟ್ಟ ಅಂತ ಹೆದರ್ಕೊಂಡು ಬಂದ್ರಿ. ನನ್ನ ಸಂಕಟ ಕೇಳಿ. ಅವಳು ಈ ಬಾಗಿಲು ದಾಟಿ ಒಳಗೆ ಬಂದ್ಳು, ಅರ್ಧ ದಿನ ಇದ್ಳು, ಬೆಳಕು ಚೆನ್ನಾಗಿದೆ ಅಂದ್ಳು, ಹೋದ್ಳು. ಇಲ್ಲಿ ದೇವರು ಅಂತ ಒಬ್ಬ ಇದಾನೆ ಅಂತ ಅವಳಿಗೆ ಅನ್ನಿಸ್ಲೇ ಇಲ್ಲ. ಅವಳ ಮಾತು ಬಿಡಿ, ಕರ್ಕೊಂಡು ಬಂದ ನಮ್ಮ ಹುಡುಗಿಗೇ ಅನ್ನಿಸ್ಲಿಲ್ಲ.”

ಯುವಕನ ಮೊಬೈಲು ಸ್ವಲ್ಪ ಕೆಳಗಿಳಿದಿತ್ತು. ಹಿರಿಯರು ಪಂಚೆಯ ಅಂಚು ಸರಿಮಾಡಿಕೊಂಡು, “ನಮ್ಮಲ್ಲೂ ಹಂಗೇ ಆಗೋಗಿದೆಯಮ್ಮ. ಗರ್ಭಗುಡಿಗೆ ಬೆನ್ನು ಹಾಕ್ಕೊಂಡು ನಿಂತು ತಮ್ಮ ಮುಖ ತಾವೇ ತೆಕ್ಕೋತಾರೆ” ಎಂದರು. ನರ್ಸಮ್ಮ ಹೂಂಗುಟ್ಟಿದರು. ಅಯ್ಯನವರು ನೀರು ತರಿಸಿದರು. ಹಿರಿಯರು ಬೇಡ ಎಂದು ಕೈಯಾಡಿಸಿದರು. ಆ ಫೋಟೋಗಳನ್ನೆಲ್ಲ ಅಳಿಸಬೇಕು ಎಂದು ಮಗಳಿಗೆ ಹೇಳಿ ಕಾರು ಹತ್ತಿದರು. ಅವರು ಹೋದ ಮೇಲೆ ನರ್ಸಮ್ಮ, ಒಳ್ಳೆ ಮನುಷ್ಯ, ಆದ್ರೂ ಇವತ್ತು ಸಂಜೆ ಬಾಗಿಲು ಭದ್ರವಾಗಿ ಹಾಕಿ ಎಂದರು.

ಅವರು ಅನುಮಾನಪಟ್ಟದ್ದು ಸರಿಯಾಗಿತ್ತು. ವಿಡಿಯೋ ಹರಡಿತು, ಆದರೆ ಪೂರ್ತಿಯಾಗಿ ಅಲ್ಲ. ನರ್ಸಮ್ಮನ ಮಾತಿನ ನಡುವಿನ ತುಂಡನ್ನು ಮಾತ್ರ ಕತ್ತರಿಸಿ, ಹುಡುಗಿಗೆ ದೇವರು ಕಾಣಿಸಲಿಲ್ಲವೆಂದು ಈ ಮುದುಕಿಗೆ ಸಂಕಟವಂತೆ ಎಂದು ಬರೆದು ಕಳಿಸಿದ್ದರು. ಪೊಲೀಸರು ಒಮ್ಮೆ ಬಂದು ಅಯ್ಯನವರನ್ನು ವಿಚಾರಿಸಿ ಹೋದರು. ಕೆಲವು ಭಾನುವಾರ ಅರ್ಧ ಬೆಂಚುಗಳು ಖಾಲಿ ಉಳಿದವು. ಶಾಲೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನು ಒಳಗೆ ಹೋದಾಗ ಮಾತು ನಿಲ್ಲುತ್ತಿತ್ತು. ಮೇಲೂರಿನ ಹುಡುಗಿಯ ಮದುವೆ ಗೊತ್ತಾದ ದಿನಕ್ಕೇ ನಡೆಯಿತು. ಮಗಳಿಗೆ ಬರಬೇಡ, ಸಾರಿ ಎಂದು ಮೆಸೇಜು ಬಂತು. ಅವತ್ತು ಅವಳು ಊಟ ಮಾಡಲಿಲ್ಲ.

ಕಾಲೇಜಿನಲ್ಲಿ ಕೆಲವರು ದೂರವಾದರು, ಕೆಲವರು ಅವಳನ್ನು ಮೊದಲಿನ ಹಾಗೇ ಕಂಡರು. ಅವಳು ಬೊಟ್ಟನ್ನು ತೆಗೆಯಲಿಲ್ಲ, ಅದು ನನಗೆ ಇಷ್ಟ, ಯಾರಿಗೂ ಹೆದರಿ ಇಡುತ್ತಿಲ್ಲ ಎಂದಳು. ಬದಲಾದದ್ದು ಒಂದು. ಸಂಜೆ ಬಸ್ಸಿಳಿದು ನೇರ ನರ್ಸಮ್ಮನ ಮನೆಗೆ ಹೋಗತೊಡಗಿದಳು. ಅಲ್ಲಿ ಇಬ್ಬರೂ ಏನು ಮಾತಾಡುತ್ತಿದ್ದರೋ, ನಾನು ಕಾಫಿ ತೆಗೆದುಕೊಂಡು ಹೋದಾಗ ಹೆಚ್ಚಾಗಿ ವಾದ ನಡೆದಿರುತ್ತಿತ್ತು. ನೋವು ಯಾಕೆ ಕೊಡ್ತಾನೆ, ಬೇರೆಯವರ ಪ್ರಾರ್ಥನೆ ಕೇಳಲ್ವಾ, ಹೀಗೆ ನಾನು ಕೇಳಲು ಧೈರ್ಯ ಮಾಡದ ಪ್ರಶ್ನೆಗಳನ್ನು ಅವಳು ಕೇಳುತ್ತಿದ್ದಳು. ನರ್ಸಮ್ಮ ಅರ್ಧಕ್ಕೆ ಉತ್ತರ ಕೊಡುತ್ತಿದ್ದರು, ಮಿಕ್ಕಿದ್ದಕ್ಕೆ ನನಗೂ ತಿಳೀದು ಎನ್ನುತ್ತಿದ್ದರು. ಒಮ್ಮೆ ಅವಳು ನೇರವಾಗಿ, ಅಜ್ಜಿ, ನನಗೆ ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ, ಅವತ್ತು ಹೌದು ಅಂದಿದ್ದು ನಂಬಿಕೆಯಿಂದಾನೋ ರೋಷಕ್ಕೋ ಅದೂ ಗೊತ್ತಿಲ್ಲ ಎಂದಳು. ನಾನು ಬಾಗಿಲಲ್ಲೇ ನಿಂತೆ.

“ಗೊತ್ತಿಲ್ಲ ಅಂದ್ಯಲ್ಲ, ಅದನ್ನ ನಾನು ನಂಬ್ತೀನಿ” ಎಂದರು ನರ್ಸಮ್ಮ. ಅವರ ಬಾಯಿಂದ ನಂಬ್ತೀನಿ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಕೇಳಿದ್ದಿಲ್ಲ.

ಹೋದ ಬೇಸಿಗೆಗೆ ಅವರ ಹೃದಯ ಸೋತಿತು. ಕಾಲು ಊದಿಕೊಂಡವು. ಡಾಕ್ಟರು ಬೆಂಗಳೂರಿಗೆ ಹೋಗಿ ಎಂದರು. ಅವರು ಬೇಡವೆಂದರು, ತಮ್ಮ ಸ್ಥಿತಿ ತಮಗೆ ಗೊತ್ತು ಎಂದರು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿದೆವು. ಡ್ರಿಪ್ಪು ಹಾಕಲು ಬರುತ್ತಿದ್ದ ಚಿಕ್ಕ ವಯಸ್ಸಿನ ನರ್ಸಿನ ಮೇಲೂ ಮೊದಲ ದಿನ ಅನುಮಾನಪಟ್ಟರು, ಮೂರನೇ ದಿನಕ್ಕೆ ಅವಳ ಕೈ ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಅಯ್ಯನವರು ನೋಡಲು ಬಂದಾಗ, ನನ್ನ ಸಮಾಧಿಯ ಹತ್ತಿರ ನನ್ನನ್ನು ಹೊಗಳಬೇಡಿ, ಸುಳ್ಳು ಹೇಳಿದರೆ ತಡೆಯುವುದಕ್ಕೆ ನಾನಿರುವುದಿಲ್ಲ ಎಂದು ಹೇಳಿದರು. ಅಯ್ಯನವರು ನಕ್ಕರು. ಅವರು ತಮಾಷೆಗೆ ಹೇಳಿರಲಿಲ್ಲ.

ನಾನು ಶಾಲೆಯಿಂದ ಬಂದ ಮೇಲೆ ದಿನಾ ಸಂಜೆ ಅವರಿಗೆ ಬೈಬಲಿನ ವೇದಪಾಠ ಓದುತ್ತಿದ್ದೆ. ಒಂದು ಸಂಜೆ ದಣಿವಾಗಿತ್ತು. ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಪಕ್ಕದಲ್ಲಿತ್ತು, ಒಲೆಯ ಮೇಲೆ ಬೇಳೆಯಿತ್ತು. ದೇವರೇ ನನ್ನ ಕುರುಬ ಎನ್ನುವ ಕೀರ್ತನೆಯನ್ನು, ಬಾಯಿಪಾಠವಾಗಿರುವುದನ್ನು, ಸರಸರ ಓದಿ ಮುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

“ನೀನು ಓದ್ತಿದೀಯಾ, ಇಲ್ಲ ಸಾಯೋ ಮುದುಕಿಗೆ ಸಮಾಧಾನ ಆಗ್ಲಿ ಅಂತ ಓದ್ತಿದೀಯಾ?”

ನಾನು ಪುಸ್ತಕದ ಕಡೆ ನೋಡಿದೆ. ಏನು ಹೇಳಿದರೂ ಅವರಿಗೆ ಗೊತ್ತಾಗುತ್ತಿತ್ತು.

“ನನಗೆ ಅದು ಬರುತ್ತೆ ಕಣಮ್ಮ. ಇನ್ನೊಂದ್ಸಲ ಓದು. ನಿನಗೋಸ್ಕರ ಓದ್ಕೋ. ನಾನು ಸುಮ್ನೆ ಇರ್ತೀನಿ.”

ಒಲೆ ಆರಿಸಿ ಬಂದು ಕೂತೆ. ಒಂದೊಂದೇ ಮಾತು ಓದಿದೆ. ಎಷ್ಟೋ ವರ್ಷದಿಂದ ಬಾಯಲ್ಲಿದ್ದ ಆ ಸಾಲುಗಳು ನನಗೆ ಅಪರಿಚಿತವಾಗಿ ಕೇಳಿಸಿದವು. ಕತ್ತಲೆಯ ಕಣಿವೆಯಲ್ಲಿ ನಡೆದರೂ ಹೆದರೆನು ಎಂಬ ಮಾತು ಬಂದಾಗ, ಇದನ್ನು ನಾನು ನಂಬಿದ್ದೇನೆಯೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಅದೇ ಮೊದಲು. ನನ್ನ ದನಿ ನಿಂತಿತು. ಅವರು ಕಣ್ಣು ತೆರೆಯಲಿಲ್ಲ, ಮುಂದಿನ ಸಾಲನ್ನು ಹೇಳಿಕೊಡಲೂ ಇಲ್ಲ. ಕಾದರು. ಬಹಳ ಹೊತ್ತಿನ ಮೇಲೆ ನಾನು ಮುಂದುವರಿಸಿದೆ.

ಆ ವಾರವೇ ಒಂದು ಬೆಳಿಗ್ಗೆ ಅವರು ತೀರಿಕೊಂಡರು. ಅಯ್ಯನವರು ಮಾತು ಉಳಿಸಿಕೊಂಡು ಹೊಗಳಲಿಲ್ಲ, ಹುಟ್ಟಿದ್ದು, ದುಡಿದದ್ದು, ನಂಬಿದ್ದು, ಇಷ್ಟನ್ನೇ ಹೇಳಿದರು. ಘಟಕದ ಹೆಂಗಸರು ಕೆಲಸ ಬಿಟ್ಟು ಬಂದು ಬೇಲಿಯ ಆಚೆ ನಿಂತಿದ್ದರು. ನನ್ನ ಮಗಳು ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿದಳು. ಕೀರ್ತನೆ ಹಾಡಿದಳೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ನೋಡಬಾರದು ಅನ್ನಿಸಿತು.

ಈಗಲೂ ನಾನು ಸಂಜೆ ಓದುತ್ತೇನೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಕೆಲವು ದಿನ ಕೊನೆಯವರೆಗೆ ಓದುತ್ತೇನೆ. ಕೆಲವು ದಿನ ಯಾವುದೋ ಒಂದು ಸಾಲಿನ ಹತ್ತಿರ, ಇದನ್ನು ಸುಮ್ಮನೆ ಬಾಯಲ್ಲಿ ಹೇಳುತ್ತಿದ್ದೇನೆ ಅನ್ನಿಸಿ ನಿಂತುಬಿಡುತ್ತೇನೆ. ಅವತ್ತು ಅವರು ಕೇಳದೇ ಹೋಗಿದ್ದರೆ ನಾನು ನಿಲ್ಲದೆ, ಒಂದು ತೊಡಕೂ ಇಲ್ಲದೆ, ಸಾಯುವವರೆಗೂ ಓದಿಕೊಂಡೇ ಹೋಗುತ್ತಿದ್ದೆ.